ಹಂಚಿದ ಹಣ್ಣು ಯಾರ ಬಾಯಿಗೆ?

ಚೈತ್ರ ಶುದ್ಧ ತ್ರಯೋದಶಿಯಂದು, ಭಗವಾನ್ ಮಹಾವೀರರ ಜನ್ಮಕಲ್ಯಾಣಕದ ದಿನ, ಕರ್ನಾಟಕದ ಎಷ್ಟೋ ಊರುಗಳಲ್ಲಿ ಒಂದು ಕಾರ್ಯಕ್ರಮವು ತಪ್ಪದೆ ನಡೆಯುತ್ತದೆ. ಬೆಳಗಿನ ಅಭಿಷೇಕ, ಮೆರವಣಿಗೆಗಳು ಮುಗಿದ ಮೇಲೆ ಬಸದಿಯ ಟ್ರಸ್ಟಿನವರು, ಯುವಕ ಮಂಡಳಿಯವರು, ಮಹಿಳಾ ಸಮಾಜದವರು ಕೂಡಿಕೊಂಡು ಊರಿನ ಸರಕಾರಿ ಆಸ್ಪತ್ರೆಗೆ ತೆರಳುತ್ತಾರೆ. ಒಳರೋಗಿಗಳಿಗೆ ಮೋಸಂಬಿ, ಸೇಬು, ಬ್ರೆಡ್ಡು, ಬಿಸ್ಕತ್ತುಗಳನ್ನು ಹಂಚುತ್ತಾರೆ. ವೈದ್ಯಾಧಿಕಾರಿಗಳಿಗೆ ಹಾರ, ಎರಡು ಮಾತಿನ ಭಾಷಣ, ಒಂದು ಛಾಯಾಚಿತ್ರ. ಮರುದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ವರ್ಷಾಂತ್ಯದ ವರದಿಯಲ್ಲಿ ಆ ಖರ್ಚು 'ಆಹಾರದಾನ' ಎಂಬ ಶೀರ್ಷಿಕೆಯ ಕೆಳಗೆ ಜಮೆಯಾಗುತ್ತದೆ.

ಈ ಉತ್ಸಾಹವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಮೆರವಣಿಗೆಯು ಹಿಂತಿರುಗಿದ ಒಂದು ಗಂಟೆಯ ಮೇಲೆ ಅದೇ ವಾರ್ಡಿನಲ್ಲಿ ಏನು ನಡೆಯುತ್ತದೆಂಬುದನ್ನು ನೋಡಲು ಯಾವ ಟ್ರಸ್ಟಿಯೂ ಉಳಿಯುವುದಿಲ್ಲ. ಉಳಿದಿದ್ದರೆ ಕಾಣುತ್ತಿದ್ದುದು ಇಷ್ಟು: ಎಪ್ಪತ್ತೈದು ವರ್ಷದ ಮುದುಕನ ತಲೆದೆಸೆಯ ಲಾಕರಿನ ಮೇಲೆ ಎರಡು ಮೋಸಂಬಿಗಳಿವೆ. ಅವನ ಒಂದು ಕೈಗೆ ಗ್ಲೂಕೋಸಿನ ಸೂಜಿ ಚುಚ್ಚಿ ಪಟ್ಟಿ ಸುತ್ತಿದೆ. ಇನ್ನೊಂದು ಕೈಯಲ್ಲಿ ಹಣ್ಣು ಸುಲಿಯುವ ಶಕ್ತಿಯಿಲ್ಲ. ಸೇಬನ್ನು ಕಚ್ಚಲು ಹಲ್ಲಿಲ್ಲ; ಇದ್ದ ಹಲ್ಲಿನ ಸೆಟ್ಟು ಕರವಸ್ತ್ರದಲ್ಲಿ ಸುತ್ತಿ ಲಾಕರಿನೊಳಗಿದೆ. ಆಸ್ಪತ್ರೆಯ ಅಡುಗೆಮನೆಯಿಂದ ಬಂದ ಅನ್ನ ಸಾರಿನ ತಟ್ಟೆಯೂ ಅಲ್ಲೇ, ಕೈಗೆ ಎಟುಕದಷ್ಟು ದೂರದಲ್ಲಿ ಆರಿ ತಣ್ಣಗಾಗಿದೆ. ಸ್ವಲ್ಪ ಹೊತ್ತಿಗೆ ತಟ್ಟೆ ಒಯ್ಯುವ ಹುಡುಗ ಬಂದು 'ಯಾಕಜ್ಜಾ, ಊಟ ಬೇಡವಾ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಎತ್ತಿಕೊಂಡು ಹೋಗುತ್ತಾನೆ. ಮೋಸಂಬಿಗಳು ಸಂಜೆಗೆ ಪಕ್ಕದ ಹಾಸಿಗೆಯ ರೋಗಿಯನ್ನು ನೋಡಲು ಬಂದ ಮಕ್ಕಳ ಪಾಲಾಗುತ್ತವೆ. ಯಾರೂ ಕದ್ದದ್ದಲ್ಲ, ಯಾರೂ ದ್ರೋಹ ಮಾಡಿದ್ದಲ್ಲ. ಆದರೂ ಮುದುಕ ಉಪವಾಸ.

ಜೈನ ಸಮಾಜವು ಬಹುಪಾಲು ವರ್ತಕರ ಸಮಾಜ. ಸರಕು ರವಾನೆಯಾಯಿತೆಂದ ಮಾತ್ರಕ್ಕೆ ವ್ಯಾಪಾರ ಮುಗಿಯಿತೆಂದು ಯಾವ ವರ್ತಕನೂ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಲಾರಿ ರಸೀದಿ ಕೈಯಲ್ಲಿದ್ದರೂ ಮಾಲು ಗಿರಾಕಿಯ ಗೋದಾಮನ್ನು ಸೇರಿ, ಅವನು ಎಣಿಸಿಕೊಂಡು ಸಹಿ ಹಾಕುವವರೆಗೆ ಅದು ದಾರಿಯಲ್ಲಿರುವ ಮಾಲು. ಅಂಗಡಿಯಲ್ಲಿ ಇಷ್ಟು ಖಚಿತವಾಗಿ ಯೋಚಿಸುವವನು ದಾನದ ವಿಷಯ ಬಂದಾಗ ಮಾತ್ರ ರವಾನೆಯನ್ನೇ ಪಾವತಿಯೆಂದು ಬರೆದುಕೊಳ್ಳುತ್ತಾನೆ. ಆಸ್ಪತ್ರೆಯ ಲಾಕರಿನ ಮೇಲಿಟ್ಟ ಹಣ್ಣು ದಾರಿಯಲ್ಲಿರುವ ಮಾಲೇ ಹೊರತು ಆಹಾರದಾನವಲ್ಲ. ಅದು ವೃದ್ಧನ ಬಾಯನ್ನು ಮುಟ್ಟಿ, ಅವನು ಅಗಿದು ನುಂಗಿದಾಗ ದಾನವಾಗುತ್ತದೆ. ಆ ಕೊನೆಯ ಒಂದೂವರೆ ಅಡಿಯ ದೂರವನ್ನು ದಾಟಿಸಲು ಹಣ ಸಾಲದು, ಒಂದು ಕೈ ಬೇಕು. ಅರ್ಧ ಗಂಟೆಯ ತಾಳ್ಮೆ ಬೇಕು.

ಈ ಮಾತನ್ನು ಬೇರೆ ಸಮಾಜಕ್ಕೆ ಹೇಳುವುದಾದರೆ ವಿವರಿಸಿ ಹೇಳಬೇಕಾಗಬಹುದು. ಜೈನರಿಗೆ ಹೇಳಬೇಕಾಗಿ ಬಂದಿರುವುದೇ ಆಶ್ಚರ್ಯ. ದಿಗಂಬರ ಮುನಿಗಳ ಆಹಾರಚರ್ಯೆಯನ್ನು ನೋಡಿದ ಯಾವ ಮಗುವಿಗೂ ಉಣಿಸುವುದೆಂದರೇನೆಂದು ತಿಳಿದಿರುತ್ತದೆ. ಮುನಿಗಳು ನಿಂತು, ಪಾಣಿಪಾತ್ರದಲ್ಲಿ, ದಿನಕ್ಕೊಮ್ಮೆ ಆಹಾರ ಸ್ವೀಕರಿಸುತ್ತಾರೆ. ಶ್ರಾವಕನು ತಟ್ಟೆ ತಂದಿಟ್ಟು ಹೊರಟುಹೋಗುವುದಿಲ್ಲ. ನವಧಾಭಕ್ತಿಯಿಂದ ಬರಮಾಡಿಕೊಂಡು, ನೀರಿನ ಬಿಸಿಯನ್ನು ಪರೀಕ್ಷಿಸಿ, ಅನ್ನದಲ್ಲಿ ಕೂದಲಿದೆಯೇ ಹುಳವಿದೆಯೇ ಎಂದು ಬಿಡಿಸಿ ನೋಡಿ, ತುತ್ತು ತುತ್ತಾಗಿ ಕೈಯಲ್ಲಿಡುತ್ತಾನೆ. ಒಂದು ತುತ್ತು ಮುಗಿದುದನ್ನು ಕಂಡು ಇನ್ನೊಂದನ್ನು ಕೊಡುತ್ತಾನೆ. ಮುನಿಗಳು ಕೈ ಬಿಡುವವರೆಗೆ ಮನೆಯವರೆಲ್ಲರ ಕಣ್ಣು ಆ ಬೊಗಸೆಯ ಮೇಲೆಯೇ. ಮತ್ತೊಬ್ಬನಿಗೆ ಉಣಿಸುವ ಕಾರ್ಯವನ್ನು ಇಷ್ಟು ಸೂಕ್ಷ್ಮವಾಗಿ ಸಾವಿರಾರು ವರ್ಷ ರೂಢಿಸಿಕೊಂಡು ಬಂದ ಸಮಾಜವು ಆಸ್ಪತ್ರೆಯ ಬಾಗಿಲಲ್ಲಿ ಆ ವಿದ್ಯೆಯನ್ನೆಲ್ಲ ಮರೆತು ಬುಟ್ಟಿ ಇಳಿಸಿ ಬರುತ್ತದೆ.

ಮುನಿಗಳು ಉತ್ತಮ ಪಾತ್ರರು, ಆಸ್ಪತ್ರೆಯ ರೋಗಿ ಹಾಗಲ್ಲ, ಎರಡನ್ನೂ ಹೋಲಿಸಬಾರದೆಂದು ಕೆಲವರು ಆಕ್ಷೇಪಿಸಬಹುದು. ಹೋಲಿಕೆಯು ಪಾತ್ರದ್ದಲ್ಲ, ಕ್ರಿಯೆಯದು. ಇಷ್ಟಕ್ಕೂ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ದಯಾದತ್ತಿಗೆ ಕುಲ ಗೋತ್ರ ಮತಗಳ ವಿಚಾರಣೆಯಿಲ್ಲ. ದುಃಖದಲ್ಲಿರುವ ಜೀವವೆಂಬುದೊಂದೇ ಅರ್ಹತೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ವೈಯಾವೃತ್ಯವನ್ನು ಒಂದಾಗಿ ಎಣಿಸಿ, ದಾನವನ್ನು ಅದರೊಳಗೇ ಸೇರಿಸಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳ ಸಾಲಿಗೆ ಸೇರಿಸಿದ್ದಾರೆ. ಸೇವೆಯು ದಾನಕ್ಕೆ ತಗಲಿಸಿಕೊಂಡ ಬಾಲವಲ್ಲ, ದಾನವೇ ಸೇವೆಯ ಒಂದು ಭಾಗವೆಂಬ ಈ ಕ್ರಮವನ್ನು ಟ್ರಸ್ಟುಗಳ ಲೆಕ್ಕಪತ್ರವು ತಲೆಕೆಳಗು ಮಾಡಿದೆ.

ಇನ್ನು ವಾರ್ಡಿನೊಳಗಿನ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹೊರಗಿನವರಿಗೆ ಇದು ಸುಲಭವಾಗಿ ಕಾಣುವಂಥದಲ್ಲ. ವೃದ್ಧನು ಊಟ ಮಾಡದಿರಲು ಹಸಿವಿಲ್ಲದಿರುವುದೊಂದೇ ಕಾರಣವಲ್ಲ. ಕನ್ನಡಕ ಮನೆಯಲ್ಲಿ ಉಳಿದಿದ್ದರೆ ತಟ್ಟೆಯಲ್ಲಿರುವುದೇನೆಂದು ಕಾಣದು. ಕಿವಿ ಮಂದವಾಗಿದ್ದರೆ 'ಊಟ ಬಂತು' ಎಂಬ ಮಾತು ಕೇಳದು. ಕೈ ನಡುಗುವವನು ಸಾರು ಚೆಲ್ಲುತ್ತದೆಂಬ ನಾಚಿಕೆಯಿಂದಲೇ ಚಮಚ ಹಿಡಿಯನು. ಮೂತ್ರಕ್ಕೆ ಪದೇ ಪದೇ ಆಯಾಳನ್ನು ಕರೆಯಬೇಕಾದೀತೆಂದು ನೀರನ್ನೇ ಕಡಿಮೆ ಮಾಡುವ ಮುದುಕಿಯರುಂಟು. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕುಗ್ಗುವುದರಿಂದ ಅವರಿಗದು ಕಷ್ಟವೆನಿಸುವುದೂ ಇಲ್ಲ. ಪಾರ್ಶ್ವವಾಯು ತಗಲಿದ ಕೆಲವರಿಗೆ ತಮ್ಮ ಒಂದು ಪಕ್ಕದ ಲೋಕವೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲ ಅರ್ಧವನ್ನು ಉಂಡು ಎಡ ಅರ್ಧವನ್ನು ಹಾಗೆಯೇ ಬಿಡುತ್ತಾರೆ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ಉಳಿದುದನ್ನೂ ಉಣ್ಣುತ್ತಾರೆ. ತಿರುಗಿಸುವವರು ಯಾರು?

ದಾದಿಯರು ಸಂಬಳ ಪಡೆಯುವವರು, ಅದು ಅವರ ಕೆಲಸವೆಂಬುದು ಸಿದ್ಧವಾಗಿರುವ ಮೊದಲ ಉತ್ತರ. ಲೆಕ್ಕ ಬಲ್ಲವರು ಲೆಕ್ಕ ಹಾಕಲಿ. ಸ್ವತಃ ಉಣ್ಣಲಾರದ ಒಬ್ಬ ವೃದ್ಧನಿಗೆ ಅವಸರವಿಲ್ಲದೆ ಉಣಿಸಲು ಅರ್ಧ ಗಂಟೆ ಹಿಡಿಯುತ್ತದೆ. ವಾರ್ಡಿನಲ್ಲಿ ಅಂಥವರು ಐದು ಮಂದಿಯಿದ್ದರೆ ಒಂದು ಹೊತ್ತಿನ ಊಟಕ್ಕೆ ಎರಡೂವರೆ ಗಂಟೆ. ಅದೇ ವೇಳೆಗೆ ಮಾತ್ರೆ ಕೊಡಬೇಕು, ಇನ್ಸುಲಿನ್ ಚುಚ್ಚಬೇಕು, ಹೊಸದಾಗಿ ಬಂದ ರೋಗಿಯ ರಕ್ತದೊತ್ತಡ ನೋಡಬೇಕು, ವೈದ್ಯರ ಸುತ್ತಾಟಕ್ಕೆ ಕಾಗದಪತ್ರ ಸಿದ್ಧವಿರಬೇಕು. ಇಬ್ಬರು ಮೂವರು ದಾದಿಯರಿರುವ ವಾರ್ಡಿನಲ್ಲಿ ಮೊದಲು ಕೈಬಿಟ್ಟುಹೋಗುವ ಕೆಲಸ ಯಾವುದೆಂದು ಊಹಿಸಲು ಪಾಂಡಿತ್ಯ ಬೇಡ. ಸೂಜಿ ತಪ್ಪಿದರೆ ಪುಸ್ತಕದಲ್ಲಿ ಕಾಣುತ್ತದೆ, ತುತ್ತು ತಪ್ಪಿದರೆ ಎಲ್ಲಿಯೂ ಕಾಣುವುದಿಲ್ಲ.

ಸಂಬಳದ ದಾದಿಯರಿದ್ದರೆ ಸಾಕೆಂಬುದು ನಿಜವಾಗಿದ್ದರೆ ಬ್ರಿಟನ್ನಿನಲ್ಲಿ ಈ ಸಮಸ್ಯೆಯೇ ಇರಬಾರದಿತ್ತು. ಅಲ್ಲಿ ಆಸ್ಪತ್ರೆಯ ವೆಚ್ಚವನ್ನು ಸರಕಾರವೇ ಭರಿಸುತ್ತದೆ. ರೋಗಿಯ ಊಟ, ಆರೈಕೆ ಎಲ್ಲವೂ ಆಸ್ಪತ್ರೆಯದೇ ಹೊಣೆ. ಆದರೂ 2006ರಲ್ಲಿ ಏಜ್ ಕನ್ಸರ್ನ್ ಎಂಬ ವೃದ್ಧರ ಹಿತರಕ್ಷಣಾ ಸಂಸ್ಥೆಯು ಒಂದು ಆಂದೋಲನವನ್ನೇ ಹೂಡಬೇಕಾಯಿತು. ಆಸ್ಪತ್ರೆಯಲ್ಲಿರುವ ಹತ್ತು ವೃದ್ಧರಲ್ಲಿ ಆರು ಮಂದಿ ಅಪೌಷ್ಟಿಕತೆಗೆ ತುತ್ತಾಗುವ ಅಥವಾ ಇದ್ದ ಅಪೌಷ್ಟಿಕತೆ ಹೆಚ್ಚುವ ಅಪಾಯದಲ್ಲಿರುತ್ತಾರೆಂಬುದು ಅದರ ಆಪಾದನೆ. ಆ ಸಂಸ್ಥೆಯು ಸೂಚಿಸಿದ ಏಳು ಉಪಾಯಗಳಲ್ಲಿ ಮೂರು ಗಮನಾರ್ಹ. ಊಟದ ವೇಳೆಯಲ್ಲಿ ತುರ್ತಿಲ್ಲದ ತಪಾಸಣೆ, ವೈದ್ಯರ ಭೇಟಿಗಳನ್ನು ನಿಲ್ಲಿಸಿ ಆ ಹೊತ್ತನ್ನು ಊಟಕ್ಕೇ ಮೀಸಲಿಡುವುದು ಒಂದು. ಸಹಾಯ ಬೇಕಾದವರ ಊಟವನ್ನು ಕೆಂಪು ಟ್ರೇಯಲ್ಲಿ ಕೊಡುವುದು ಇನ್ನೊಂದು. ಕೆಂಪು ಕಂಡಾಗ ಉಣಿಸಬೇಕೆಂದೂ, ಉಣ್ಣದೆ ಉಳಿದುದನ್ನು ಹೇಳದೆ ಒಯ್ಯಬಾರದೆಂದೂ ವಾರ್ಡಿನವರಿಗೆಲ್ಲ ತಿಳಿಯುತ್ತದೆ. ಮೂರನೆಯದೇ ತರಬೇತಿ ಪಡೆದ ಸ್ವಯಂಸೇವಕರು.

ಆ ಎಚ್ಚರಿಕೆ ಅತಿಶಯವಲ್ಲವೆಂಬುದು ಕೆಲವೇ ವರ್ಷಗಳಲ್ಲಿ ಸಾಬೀತಾಯಿತು. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರ ನಡುವೆ ನಡೆದ ಅನಾಹುತಗಳನ್ನು ಕುರಿತು ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರ ಫೆಬ್ರವರಿಯಲ್ಲಿ ಹೊರಬಂತು. ಊಟವನ್ನೂ ನೀರನ್ನೂ ರೋಗಿಯ ಕೈಗೆ ಎಟುಕದಲ್ಲಿ ಇಟ್ಟುಹೋದುದು, ಉಣ್ಣಲು ಸಹಾಯ ಸಿಗದೆ ವೃದ್ಧರು ಬಳಲಿದುದು ಅದರಲ್ಲಿ ದಾಖಲಾಗಿವೆ. ಶ್ರೀಮಂತ ರಾಷ್ಟ್ರದ ಆಸ್ಪತ್ರೆ. ಅಡುಗೆಮನೆಯಿತ್ತು, ಊಟವಿತ್ತು, ಟ್ರೇ ಬಂದಿತ್ತು. ರವಾನೆಯಾಗಿತ್ತು, ಪಾವತಿಯಾಗಿರಲಿಲ್ಲ.

ಸ್ವಯಂಸೇವಕರಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶಾರನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೋರಿಸಬಹುದು. ಆಸ್ಪತ್ರೆಗೆ ಸೇರಿದ ವೃದ್ಧರಲ್ಲಿ ಹಲವರಿಗೆ ಸನ್ನಿ ಹಿಡಿಯುತ್ತದೆ. ತಾವೆಲ್ಲಿದ್ದೇವೆಂಬುದು ತಿಳಿಯದೆ ಕೂಗಾಡುತ್ತಾರೆ, ಇಲ್ಲವೇ ಮಂಕಾಗಿ ಬಿದ್ದುಕೊಳ್ಳುತ್ತಾರೆ. 70 ವರ್ಷ ದಾಟಿದ 852 ರೋಗಿಗಳನ್ನು ಆ ತಂಡವು ಪರಿಶೀಲಿಸಿತು. ಮಾಮೂಲು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 15 ಮಂದಿಗೆ ಸನ್ನಿ ಕಾಣಿಸಿಕೊಂಡಿತು. ವಿಶೇಷ ಆರೈಕೆ ಪಡೆದವರಲ್ಲಿ ನೂರಕ್ಕೆ 9.9 ಮಂದಿಗೆ. ಆ ವಿಶೇಷ ಆರೈಕೆಯಲ್ಲಿ ದುಬಾರಿ ಔಷಧಿಯಾವುದೂ ಇರಲಿಲ್ಲ. ನೀರು ಕುಡಿಸುವುದು, ಉಣ್ಣಲು ನೆರವಾಗುವುದು, ಕನ್ನಡಕ ಶ್ರವಣಯಂತ್ರಗಳನ್ನು ಹಾಕಿಸುವುದು, ದಿನ ವಾರಗಳನ್ನು ನೆನಪಿಸಿ ಮಾತಾಡಿಸುವುದು, ನಾಲ್ಕು ಹೆಜ್ಜೆ ನಡೆಸುವುದು, ರಾತ್ರಿ ನಿದ್ರೆಗೆ ಅನುಕೂಲ ಮಾಡಿಕೊಡುವುದು. ಇವುಗಳಲ್ಲಿ ಬಹಳಷ್ಟನ್ನು ಮಾಡಿದವರು ತರಬೇತಿ ಪಡೆದ ಸ್ವಯಂಸೇವಕರು. ಇದೆಲ್ಲದರ ಫಲ ಕೂಡಿ ಬಂದದ್ದೇ ಹೊರತು ಉಣಿಸಿದುದರ ಫಲವಿಷ್ಟೆಂದು ಬೇರೆ ಮಾಡಿ ತೋರಿಸಲಾಗದು. ಅಷ್ಟು ಪ್ರಾಮಾಣಿಕತೆ ವಾದಕ್ಕೂ ಇರಬೇಕು.

ಭಾರತದಲ್ಲಿ ಹೀಗಿಲ್ಲ, ಇಲ್ಲಿ ರೋಗಿಯ ಜೊತೆಗೆ ಮನೆಯವರಿರುತ್ತಾರೆಂಬುದು ಎರಡನೆಯ ಉತ್ತರ. ಇದರಲ್ಲಿ ಸತ್ಯಾಂಶವಿದೆ, ಮತ್ತು ಅದೇ ಇದರ ಅಪಾಯ. ಇಲ್ಲಿನ ಆಸ್ಪತ್ರೆಗಳು ಮನೆಯವರಿರುತ್ತಾರೆಂದು ಭಾವಿಸಿಯೇ ನಡೆಯುತ್ತವೆ. ಆದುದರಿಂದ ಮನೆಯವರಿಲ್ಲದ ವೃದ್ಧನಿಗೆ ಇಲ್ಲಿ ಬ್ರಿಟನ್ನಿಗಿಂತ ಹೆಚ್ಚಿನ ಅನಾಥತೆ. 2011ರ ಜನಗಣತಿಯಲ್ಲೇ ದೇಶದ ಅರುವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಅವರ ಮಕ್ಕಳಲ್ಲಿ ಎಷ್ಟು ಮಂದಿ ಅದೇ ಊರಿನಲ್ಲಿದ್ದಾರೆ? ಮಗ ಬೆಂಗಳೂರಿನಲ್ಲಿ, ಮೊಮ್ಮಗ ಅಮೆರಿಕದಲ್ಲಿ, ಊರಿನಲ್ಲಿ ಎಪ್ಪತ್ತರ ಹೆಂಡತಿ. ಅವಳೇ ರೋಗಿಯ ಜೊತೆಗಾತಿ, ಅವಳಿಗೂ ಸಕ್ಕರೆ ಕಾಯಿಲೆ. ಔಷಧಿ ಅಂಗಡಿಗೆ ಅವಳೇ ಓಡಬೇಕು, ರಕ್ತಪರೀಕ್ಷೆಯ ಚೀಟಿಗೆ ಅವಳೇ ಸಾಲಿನಲ್ಲಿ ನಿಲ್ಲಬೇಕು. ಊಟದ ಟ್ರಾಲಿ ಬಂದಾಗ ಅವಳು ಕೆಳಗಿನ ಅಂತಸ್ತಿನಲ್ಲಿರುತ್ತಾಳೆ. 108 ಆಂಬುಲೆನ್ಸಿನವರು ರಸ್ತೆಯ ಬದಿಯಿಂದ ಎತ್ತಿ ತಂದ ಮುದುಕನಿಗೆ ಅಷ್ಟೂ ಇಲ್ಲ. ತೀವ್ರ ನಿಗಾ ಘಟಕದಿಂದ ವಾರ್ಡಿಗೆ ಬಂದ ಹೊಸತರಲ್ಲಿ ಮನೆಯವರಿಗೇ ಹೇಗೆ ಉಣಿಸಬೇಕೆಂಬುದು ತಿಳಿಯದು. ಪ್ರೀತಿಯಿಂದ, ಮಲಗಿಸಿಕೊಂಡೇ, ಬಾಯಿಗೆ ಗಂಜಿ ಸುರಿಯುತ್ತಾರೆ.

ಸರಕಾರವು ಏನೂ ಮಾಡಿಲ್ಲವೆಂದಲ್ಲ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಹಾಸಿಗೆ, ಪ್ರತ್ಯೇಕ ಸಾಲುಗಳ ಮಾತಿದೆ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯಪಾಲನೆಯ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಹತ್ತು ಹಾಸಿಗೆಗಳ ವೃದ್ಧರ ವಾರ್ಡನ್ನು ಉದ್ದೇಶಿಸಿದೆ. ಹಾಸಿಗೆಯ ಮಾತಾಯಿತು, ಸಾಲಿನ ಮಾತಾಯಿತು. ಹಾಸಿಗೆಯ ಮೇಲಿರುವವನ ಬಾಯಿಗೆ ಅನ್ನ ಮುಟ್ಟಿಸುವ ಕೈಯನ್ನು ಕಾನೂನು ಮಾಡಿ ತರಲಾಗದು. ಅದು ಸಮಾಜವೇ ಒದಗಿಸಬೇಕಾದದ್ದು.

ಒದಗಿಸುವ ಸಾಮರ್ಥ್ಯ ಈ ಸಮಾಜಕ್ಕಿದೆಯೇ? ಪಿಂಜರಾಪೋಳಗಳನ್ನು ಕಟ್ಟಿ ಮುದಿ ಹಸುಗಳನ್ನು ಸಾಕುವ ಸಮಾಜವಿದು. ದೆಹಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳ ಆಸ್ಪತ್ರೆಯನ್ನೇ ನಡೆಸುತ್ತಿದೆ; ರೆಕ್ಕೆ ಮುರಿದ ಪಾರಿವಾಳಕ್ಕೆ ಅಲ್ಲಿ ಔಷಧಿಯುಂಟು, ಕಾಳುಂಟು. ಜೈನ ದಾನಿಗಳು ಕಟ್ಟಿಸಿದ ಮಾನವರ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಕಟ್ಟಡಕ್ಕೆ ಹೆಸರಿನ ಕಲ್ಲು ಹಾಕಬಹುದು, ಡಯಾಲಿಸಿಸ್ ಯಂತ್ರದ ಮೇಲೆ ತಗಡಿನ ಫಲಕ ಹೊಡೆಯಬಹುದು. ಮುದುಕಿಗೆ ಉಣಿಸಿದ ಗಂಜಿಯ ಮೇಲೆ ಯಾರ ಹೆಸರನ್ನು ಬರೆಯುವುದು? ಕಲಶದ ಸವಾಲಿನಲ್ಲಿ ಸಾವಿರಗಟ್ಟಲೆ ಕೂಗುವವರು ಈ ಸೇವೆಗೆ ಮುಂದಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಕಹಿಯಾದರೂ ಹೇಳದೆ ಬಿಡುವಂತಿಲ್ಲ.

ಆದರೆ ಇದಕ್ಕಿಂತ ಆಳವಾದ ಕಾರಣ ಜುಗುಪ್ಸೆ. ಆಸ್ಪತ್ರೆಯ ವಾಸನೆ, ಬಾಯಿಂದ ಸೋರುವ ಜೊಲ್ಲು, ಎಂಜಲು, ಯಾವ ಜಾತಿಯವನೋ ಎಂಬ ಸಂಕೋಚ, ಮನೆಗೆ ಬಂದರೆ ಮೈಲಿಗೆಯೆಂಬ ಮಾತು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯು ಮೂರನೆಯದು. ಅದಕ್ಕೆ ಆಚಾರ್ಯರು ಕೊಟ್ಟ ದೃಷ್ಟಾಂತ ಉದ್ದಾಯನ ಮಹಾರಾಜನದು. ದೇವನೊಬ್ಬನು ಕುಷ್ಠಪೀಡಿತ ಮುನಿಯ ವೇಷದಿಂದ ಅವನ ಮನೆಗೆ ಬಂದು, ಉಂಡ ಆಹಾರವನ್ನೆಲ್ಲ ವಾಂತಿ ಮಾಡಿಕೊಂಡನು. ಪರಿವಾರದವರು ದುರ್ಗಂಧವನ್ನು ತಾಳಲಾರದೆ ಓಡಿದರು. ರಾಜನೂ ರಾಣಿ ಪ್ರಭಾವತಿಯೂ ನಿಂತು, ಮೈ ತೊಳೆದು, ತಾವು ಕೊಟ್ಟ ಆಹಾರದಲ್ಲೇ ದೋಷವಿತ್ತೇನೋ ಎಂದು ನೊಂದುಕೊಂಡರು. ಸ್ವಾಧ್ಯಾಯದಲ್ಲಿ ಈ ಕಥೆಯನ್ನು ಕೇಳಿ ತಲೆದೂಗದ ಶ್ರಾವಕರಿಲ್ಲ. ಓಡಿಹೋದ ಪರಿವಾರದಲ್ಲಿ ತಮ್ಮ ಮುಖವನ್ನು ಕಂಡುಕೊಂಡವರು ಎಷ್ಟು ಮಂದಿಯೋ. ಮೈಲಿಗೆಯ ಪ್ರಶ್ನೆಗೆ ಉತ್ತರ ಸುಲಭ: ಆಸ್ಪತ್ರೆಯಿಂದ ಬಂದವರು ಸ್ನಾನ ಮಾಡಲಿ. ವೈದ್ಯರೂ ಅದನ್ನೇ ಹೇಳುತ್ತಾರೆ.

ಜೈನ ವೃದ್ಧರ ಪಾಡಂತೂ ವಾರ್ಡಿನಲ್ಲಿ ಇಮ್ಮಡಿ. ಆಸ್ಪತ್ರೆಯ ರಾತ್ರಿಯೂಟ ಸಾಮಾನ್ಯವಾಗಿ ಬರುವುದು ಸಂಜೆ ಏಳರ ನಂತರ. ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಐವತ್ತು ವರ್ಷ ರಾತ್ರಿಭೋಜನ ತ್ಯಾಗವನ್ನು ಪಾಲಿಸಿದ ಶ್ರಾವಿಕೆಯು ಏಳಕ್ಕೆ ಬಂದ ತಟ್ಟೆಯನ್ನು ಮುಟ್ಟುವುದಿಲ್ಲ. ಮಧ್ಯಾಹ್ನದ ಪಲ್ಯದಲ್ಲಿ ಈರುಳ್ಳಿ ಬೆಳ್ಳುಳ್ಳಿ ಆಲೂಗೆಡ್ಡೆಯಿತ್ತೆಂದು ಅದನ್ನೂ ಬಿಟ್ಟಿರುತ್ತಾಳೆ. ಬಿಸಿ ಮಾಡಿ ಸೋಸಿದ ನೀರಲ್ಲದೆ ಕುಡಿಯುವುದಿಲ್ಲ. ಕಾರಣವನ್ನು ಯಾರೂ ಕೇಳಲಿಲ್ಲ, ಸಂಕೋಚದಿಂದ ಅವಳು ಹೇಳಲಿಲ್ಲ. ದಾದಿಯ ಪುಸ್ತಕದಲ್ಲಿ 'ಊಟ ನಿರಾಕರಣೆ' ಎಂದು ದಾಖಲಾಗುತ್ತದೆ. ಸಂಜೆ ಐದಕ್ಕೆ ಒಂದು ಬಟ್ಟಲು ಬಿಸಿ ಗಂಜಿ ಸಿಗುವಂತೆ ಅಡುಗೆಮನೆಗೆ ಹೇಳಿ ಏರ್ಪಡಿಸಲು ಈ ಆಚಾರವನ್ನು ಬಲ್ಲ ಒಬ್ಬ ವ್ಯಕ್ತಿ ಸಾಕಿತ್ತು.

ಇಲ್ಲೇ ಇನ್ನೊಂದು ಸೂಕ್ಷ್ಮ ವಿಷಯವನ್ನು ಎತ್ತಬೇಕಾಗಿದೆ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ ದೇಶದ ಜೈನರೆಲ್ಲ ಬೀದಿಗಿಳಿದು ಪ್ರತಿಭಟಿಸಿದರು; ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನವು ಅರಿವಿನಿಂದ, ಸ್ವಇಚ್ಛೆಯಿಂದ, ಗುರುಗಳ ಸನ್ನಿಧಿಯಲ್ಲಿ, ಕ್ರಮಕ್ರಮವಾಗಿ ಕೈಕೊಳ್ಳುವ ವ್ರತವೆಂದು ಅಂದು ವಾದಿಸಲಾಯಿತು. ಸರಿಯಾದ ವಾದವೇ. ಹಾಗಿದ್ದರೆ ಆಸ್ಪತ್ರೆಯಲ್ಲಿ ಹಲ್ಲಿನ ಸೆಟ್ಟು ಸಿಗದೆ, ನುಂಗಲು ನೋವಾಗಿ, ಯಾರೂ ಪಕ್ಕದಲ್ಲಿ ಕೂಡದೆ ಊಟ ಬಿಟ್ಟ ಮುದುಕಿಯನ್ನು ಕುರಿತು 'ಅವರಿಗೆ ಈಗ ಆಹಾರದ ಮೇಲಿನ ಮೋಹ ಹೋಗಿದೆ' ಎಂದು ಮನೆಯವರು ಕೈಮುಗಿಯುವುದು ಯಾವ ಶಾಸ್ತ್ರ? ಅದು ತ್ಯಾಗವಲ್ಲ, ಅಲಕ್ಷ್ಯ. ನಿಜವಾದ ಸಲ್ಲೇಖನದಲ್ಲಿ ಅಲಕ್ಷ್ಯಕ್ಕೆ ಎಡೆಯೇ ಇಲ್ಲ. ಭಗವತೀ ಆರಾಧನೆಯು ಒಬ್ಬ ಕ್ಷಪಕನ ಆರೈಕೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತದೆ. ಮೈ ಹೊರಳಿಸಲು ಕೆಲವರು, ಆಹಾರ ತರಲು ಕೆಲವರು, ಪಾನೀಯಕ್ಕೆ ಕೆಲವರು, ಮಲಮೂತ್ರ ವಿಸರ್ಜನೆಯ ವ್ಯವಸ್ಥೆಗೆ ಕೆಲವರು. ಕಾಲ ಅನುಕೂಲವಿಲ್ಲದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಇಬ್ಬರಿಗಿಂತ ಕಡಿಮೆ ಕೂಡದು. ಕನ್ನಡಕ್ಕೆ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳನ್ನು ಕೊಟ್ಟ ಪರಂಪರೆಯದು. ರೋಗಶಯ್ಯೆಯ ಪಕ್ಕದ ಪಾಳಿಯನ್ನು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟವರ ವಂಶಸ್ಥರು ಇಂದು ಹಣ್ಣಿನ ಬುಟ್ಟಿಗೆ ತೃಪ್ತರಾಗಿದ್ದಾರೆ.

ಇಷ್ಟಾದ ಮೇಲೆ, ಉತ್ಸಾಹಿಗಳು ನಾಳೆಯೇ ಚಮಚ ಹಿಡಿದು ವಾರ್ಡಿಗೆ ನುಗ್ಗಬಾರದು. ಉಣಿಸುವುದು ಅಪಾಯವಿಲ್ಲದ ಕೆಲಸವಲ್ಲ. ಅನ್ನನಾಳಕ್ಕೆ ಇಳಿಯಬೇಕಾದುದು ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಿ ಪ್ರಾಣಕ್ಕೇ ಬರುತ್ತದೆ. ಪಾರ್ಶ್ವವಾಯುವಾದವರಿಗೆ ನುಂಗುವ ಶಕ್ತಿಯನ್ನು ವೈದ್ಯರು ಪರೀಕ್ಷಿಸುವ ಮೊದಲು ಒಂದು ಗುಟುಕು ನೀರನ್ನೂ ಕೊಡಕೂಡದು. ಶಸ್ತ್ರಚಿಕಿತ್ಸೆಗೆ ಸಿದ್ಧರಾದವರು ಹೊಟ್ಟೆ ಖಾಲಿ ಇರಬೇಕು. ಮೂಗಿನ ನಳಿಕೆಯ ಮೂಲಕ ಆಹಾರ ಕೊಡುವುದು ದಾದಿಯರ ಕೆಲಸ, ಸ್ವಯಂಸೇವಕರದ್ದಲ್ಲ. ಆದುದರಿಂದ ಇಂದು ಯಾರಿಗೆ ಉಣಿಸಬಹುದೆಂಬುದನ್ನು ಪ್ರತಿ ಹೊತ್ತೂ ದಾದಿಯರೇ ಹೇಳಬೇಕು, ಸ್ವಯಂಸೇವಕರು ಕೇಳಬೇಕು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಊಟಕ್ಕೆ ನೆರವಾಗುವ ಸ್ವಯಂಸೇವಕರಿಗೆ ಪಥ್ಯಾಹಾರ ತಜ್ಞರೂ ವಾಕ್-ನುಂಗುವಿಕೆಯ ಚಿಕಿತ್ಸಕರೂ ಮೊದಲು ತರಬೇತಿ ಕೊಟ್ಟರು.

ಕಲಿಯಬೇಕಾದುದು ಬಹಳವೇನಿಲ್ಲ. ಕೈ ತೊಳೆಯುವುದು, ರೋಗಿಯ ಕೈಯನ್ನೂ ತೊಳೆಸುವುದು. ಬೆನ್ನಿಗೆ ದಿಂಬು ಕೊಟ್ಟು ನೇರವಾಗಿ ಕೂಡಿಸುವುದು, ಉಂಡ ಮೇಲೂ ಅರ್ಧ ಗಂಟೆ ಮಲಗಿಸದಿರುವುದು. ಹಲ್ಲು, ಕನ್ನಡಕಗಳನ್ನು ಹುಡುಕಿ ಹಾಕಿಸುವುದು. ತಾನು ನಿಂತುಕೊಂಡು ಮೇಲಿನಿಂದ ಉಣಿಸದೆ ಎದುರಿಗೆ ಸಮನಾಗಿ ಕೂಡುವುದು. ಅರ್ಧ ಚಮಚ, ಗಂಟಲು ಇಳಿದುದನ್ನು ಕಂಡು ಮುಂದಿನದು. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಿ ಮಾತಾಡಿಸದಿರುವುದು. ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ ಕೂಡಲೇ ನಿಲ್ಲಿಸಿ ದಾದಿಯನ್ನು ಕರೆಯುವುದು. ತಾನೇ ಉಣ್ಣಬಲ್ಲವರಿಗೆ ಉಣಿಸದೆ, ಚಪಾತಿ ಚೂರು ಮಾಡಿ, ಹಣ್ಣು ಸುಲಿದು, ಲೋಟ ಕೈಗಿತ್ತು ಸುಮ್ಮನೆ ಪಕ್ಕದಲ್ಲಿರುವುದು. ಕೊನೆಗೆ ಎಷ್ಟು ಉಂಡರೆಂದು, ಕಾಲು, ಅರ್ಧ, ಪೂರ್ತಿ ಎಂದು, ದಾದಿಗೆ ಹೇಳುವುದು. ಆಹಾರಚರ್ಯೆಯಲ್ಲಿ ನಿಂತು ಅಭ್ಯಾಸವಿರುವ ಕೈಗೆ ಇದರಲ್ಲಿ ಹೊಸತು ಬಹಳ ಕಡಿಮೆ.

ಮೊಟ್ಟೆಯ ಪ್ರಶ್ನೆಯೊಂದು ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಕೆಲವು ಆಸ್ಪತ್ರೆಗಳ ಪಥ್ಯದಲ್ಲಿ ಮೊಟ್ಟೆಯಿರುತ್ತದೆ. ಶ್ರಾವಕನು ಅದನ್ನು ತನ್ನ ಕೈಯಿಂದ ಉಣಿಸುವುದೇ? ಬೇಡ. ತನಗೆ ಇದು ಆಗದೆಂದು ದಾದಿಗೆ ಮೊದಲೇ ತಿಳಿಸಿ, ಆ ತಟ್ಟೆಯನ್ನು ಬೇರೊಬ್ಬರಿಗೆ ಬಿಟ್ಟು, ಗಂಜಿಯ ತಟ್ಟೆಯ ಕಡೆಗೆ ಹೋಗಲಿ. ಅಂಥ ತಟ್ಟೆಗಳಿಗೇನೂ ಬರವಿಲ್ಲ. ಆದರೆ ರೋಗಿಯ ಮುಂದೆ ಮುಖ ಸಿಂಡರಿಸುವುದಾಗಲಿ ಅಹಿಂಸೆಯ ಉಪದೇಶ ಮಾಡುವುದಾಗಲಿ ಕೂಡದು. ಹಸಿದು ಮಲಗಿದವನಿಗೆ ಪ್ರವಚನವೂ ಒಂದು ಹಿಂಸೆ. ಮೊಟ್ಟೆಯ ನೆಪದಿಂದ ಇಡೀ ಸೇವೆಯನ್ನೇ ಕೈಬಿಡುವವರು ಮೊಟ್ಟೆಯಿಲ್ಲದ ಆಸ್ಪತ್ರೆಯಲ್ಲೂ ಬೇರೊಂದು ನೆಪ ಹುಡುಕುತ್ತಾರೆ.

ಹಾಗೆಯೇ, ಇದನ್ನು ಮಹಿಳಾ ಸಮಾಜಕ್ಕೆ ವಹಿಸಿ ಟ್ರಸ್ಟಿಗಳು ಕುರ್ಚಿಯಲ್ಲಿ ಉಳಿಯುವ ಪದ್ಧತಿಯೂ ನಡೆಯದು. ಗಂಡಸರ ವಾರ್ಡಿಗೆ ಗಂಡಸರೇ ಬೇಕು. ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿ, ಬೆಳಗಿನ ಪೂಜೆಯ ನಂತರ ಪತ್ರಿಕೆ ಓದುತ್ತ ಕೂಡುವ ಅರುವತ್ತರ ಗೃಹಸ್ಥರು ಪ್ರತಿ ಊರಿನ ಬಸದಿಯ ಜಗಲಿಯಲ್ಲೂ ಇದ್ದಾರೆ. ಅವರಿಗೆ ಬಿಡುವೂ ಉಂಟು, ತಾಳ್ಮೆಯೂ ಉಂಟು. ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಆ ಹಾಸಿಗೆಯ ಮೇಲೆ ಮಲಗುವ ಸಂಭವವೂ ಉಂಟು.

ಲೆಕ್ಕ ಹೀಗಿದೆ. ಹತ್ತು ಹಾಸಿಗೆಗಳ ಒಂದು ವೃದ್ಧರ ವಾರ್ಡು. ಮಧ್ಯಾಹ್ನದ ಊಟ, ಸೂರ್ಯಾಸ್ತಕ್ಕೆ ಮೊದಲಿನ ಒಂದು ಲಘು ಆಹಾರ, ಹೀಗೆ ದಿನಕ್ಕೆ ಎರಡು ಹೊತ್ತು. ಪ್ರತಿ ಹೊತ್ತಿಗೆ ಇಬ್ಬರು. ಆಚಾರ್ಯರು ಹಾಕಿದ ಕನಿಷ್ಠ ಸಂಖ್ಯೆಯೂ ಅದೇ. ವಾರಕ್ಕೆ 28 ಸರದಿಗಳು. ಒಬ್ಬೊಬ್ಬರು ವಾರಕ್ಕೊಂದು ಸರದಿ, ಸುಮಾರು ಒಂದು ಗಂಟೆ. ಆಸ್ಪತ್ರೆಯ ಮುಖ್ಯಸ್ಥರಿಗೆ ಟ್ರಸ್ಟಿನ ಹೆಸರಿನಲ್ಲಿ ಒಂದು ಪತ್ರ, ದಾದಿಯರ ಮೇಲ್ವಿಚಾರಕಿಯೊಡನೆ ಒಂದು ಮಾತುಕತೆ, ಎರಡು ದಿನದ ತರಬೇತಿ, ಗುರುತಿನ ಚೀಟಿ, ಗೋಡೆಯ ಮೇಲೊಂದು ಸರದಿ ಪಟ್ಟಿ. ಹಣ್ಣಿನ ಬುಟ್ಟಿಗಿಂತ ಖರ್ಚು ಕಡಿಮೆ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಜಯಂತಿಯ ಅಂದಾಜುಪಟ್ಟಿಯು ಚರ್ಚೆಗೆ ಬಂದಾಗ, 'ಆಸ್ಪತ್ರೆಯಲ್ಲಿ ಆಹಾರದಾನ' ಎಂಬ ಬಾಬತಿನ ಎದುರಿಗೆ ರೂಪಾಯಿಯ ಜೊತೆಗೆ ಇನ್ನೊಂದು ಅಂಕಣವನ್ನು ಎಳೆದು, ಅದರಲ್ಲಿ 28 ಹೆಸರುಗಳನ್ನು ಬರೆಯಲು ಎಷ್ಟು ಟ್ರಸ್ಟುಗಳು ಸಿದ್ಧವಿವೆ?